ಒಡೆದ ಅರಗಿನ ಮುದ್ರೆಯ ಬಗ್ಗೆ

ಸಿಡುಕ ಎಂದೇ ಎಲ್ಲರೂ ಕರೆಯುವ ನಾನು, ವಯಸ್ಸು 19, ಕಸುಬು ಗೂಡ್ಸ್ ಆಟೋ ಓಡಿಸುವುದು, ಓದು ಎಂಟನೇ ತರಗತಿಗೆ ಬಿಟ್ಟಿದ್ದು, ವಾಸ ನೀರಿನ ಟ್ಯಾಂಕಿನ ಹಿಂದಿನ ಬೀದಿ, ಮನೆ ನಂಬರ್ 14. ಠಾಣೆಯಲ್ಲಿ ಕೇಳಿದ್ದಕ್ಕೆ ನಾನು ತಿಳಿಸುವುದು ಇಷ್ಟು.

ನನ್ನ ಅಕ್ಕ ಸರ್ಕಾರಿ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕೆಮಿಸ್ಟ್. ಆಯ್ಕೆ ಪರೀಕ್ಷೆಯಲ್ಲಿ ಎರಡು ಸಲ ಬಿದ್ದು ಮೂರನೇ ಸಲ ಗೆದ್ದವಳು. ಕೆಲಸ ಸಿಕ್ಕ ದಿನ ನಮ್ಮ ಚಿಕ್ಕಪ್ಪ, ಹಾಗಾದ್ರೆ ನನ್ನ ಮಂಡಿನೋವಿಗೆ ಎರಡು ಮಾತ್ರೆ ಕೊಡಮ್ಮ ಎಂದಿದ್ದರು.

ಈ ದಿನ ಅವಳ ಕಚೇರಿಯ ಜೀಪು ಕೆಟ್ಟಿದ್ದರಿಂದ ನನ್ನ ಗಾಡಿಯಲ್ಲಿ ಹೊರಟೆವು. 10:20ಕ್ಕೆ, ಬಣ್ಣದ ಕಾರ್ಖಾನೆಯ ಗೋಡೆಯಿಂದ 40 ಅಡಿ ದೂರದ ಸರ್ಕಾರಿ ಕೊಳವೆಬಾವಿಯಲ್ಲಿ ಅಕ್ಕ ಒಂದು ಗಾಜಿನ ಬಾಟಲಿ ನೀರು ಹಿಡಿದು, ಮುಚ್ಚಳಕ್ಕೆ ಅರಗಿನ ಮುದ್ರೆ ಒತ್ತಿದಳು. ಇಡೀ ಬೀದಿ ಕುಡಿಯುವುದು ಅದೇ ನೀರು.

10:45ಕ್ಕೆ ಕಾರ್ಖಾನೆ ಮ್ಯಾನೇಜರ್ ಬಂದು, ಇಷ್ಟು ಓದಿ ಬಾಟಲಿ ತೊಳ್ಕೊಂಡಿದ್ದೀರಲ್ಲ ಮೇಡಂ, ನಮ್ಮಲ್ಲಿಗೆ ಬನ್ನಿ, ಇಡೀ ಲ್ಯಾಬೇ ನಿಮ್ದು ಎಂದ. ಅಕ್ಕ, ನಿಮ್ಮಲ್ಲಿ ರಿಪೋರ್ಟ್ ನಿಮ್ಮ ಟೇಬಲ್‌ಗೆ ಬರುತ್ತೆ ಸರ್, ನಮ್ಮಲ್ಲಿ ನೀರು ಕುಡಿಯೋರ ಮನೆಗೆ ಹೋಗುತ್ತೆ ಎಂದಳು. ಅವನು ನಕ್ಕ. ನನಗೆ ಮೈ ಉರಿಯಿತು. ಅಕ್ಕ ಹಿಡಿದುಕೊಳ್ಳಲು ಕೊಟ್ಟಿದ್ದ ಆ ನೀರಿನ ಬಾಟಲಿಯನ್ನೇ ಅವನ ಮೇಲೆ ಎತ್ತಿದೆ. ಅದು ಗಾಡಿಯ ಕಂಬಿಗೆ ತಾಗಿತು. ಅಕ್ಕ ನನ್ನ ಕಿವಿ ಹಿಡಿದು ಗಾಡಿ ಹತ್ತಿಸಿದಳು.

11:30ಕ್ಕೆ ಲ್ಯಾಬಿನಲ್ಲಿ ನೋಡಿದರೆ ಮುದ್ರೆಯಲ್ಲಿ ಕೂದಲಿನಷ್ಟು ಬಿರುಕು. ಸ್ವಲ್ಪ ಬಿಸಿ ಮಾಡಿ ಅಂಟಿಸಕ್ಕ, ಯಾರು ನೋಡ್ತಾರೆ ಎಂದೆ. ಹಾಗೆ ಮಾಡಿದ್ರೆ ಇನ್ಮೇಲೆ ನನ್ನ ಸಹಿನ ಯಾರು ನಂಬ್ತಾರೋ ಎಂದಳು. ರಿಜಿಸ್ಟರಿನಲ್ಲಿ "ಮುದ್ರೆ ಒಡೆದಿದೆ, ಪರೀಕ್ಷೆಗೆ ಬಾರದು" ಎಂದು ಬರೆದು ನೀರನ್ನು ಚೆಲ್ಲಿಬಿಟ್ಟಳು. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

1:15ಕ್ಕೆ ಮತ್ತೆ ಹೋದೆವು. ಆ ಬಾವಿಯ ಪಂಪಿನ ಕೋಣೆಗೆ ಮ್ಯಾನೇಜರ್ ತನ್ನ ಬೀಗ ಜಡಿದು, ರಿಪೇರಿ ಇದೆ, ಹೋಗಿ ಎಂದ. ಮೋಟಾರು ಒಳಗೆ ಓಡುತ್ತಲೇ ಇತ್ತು.

ಮುದ್ರೆ ಒಡೆದವನೂ ಅವನೇ ಅಂತ ಬರೆಸೋ, ಕೇಸು ಗಟ್ಟಿಯಾಗುತ್ತೆ ಎಂದು ಚಿಕ್ಕಪ್ಪ ಹೇಳಿ ಕಳಿಸಿದ್ದಾರೆ. ನಾನು ಬರೆಸುವುದಿಲ್ಲ. ಮುದ್ರೆ ಒಡೆದದ್ದು ನನ್ನ ಕೈಯಲ್ಲಿ. ಅವನು ಮಾಡಿದ್ದು ಸರ್ಕಾರಿ ಬಾವಿಗೆ ಬೀಗ ಹಾಕಿದ್ದು. ಅಷ್ಟನ್ನು ಬರೆದುಕೊಂಡು ಬೀಗ ತೆಗೆಸಿಕೊಡಿ. ಅಕ್ಕ ಹೊಸ ಬಾಟಲಿ ತೊಳೆದಿಟ್ಟುಕೊಂಡು ಹೊರಗೆ ನನ್ನ ಗಾಡಿಯಲ್ಲಿ ಕೂತಿದ್ದಾಳೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದ್ದೇ ಇದೆ, ಹೆಚ್ಚಿಲ್ಲ, ಕಡಿಮೆಯಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 12, ಮಧ್ಯಾಹ್ನ 2:40
(ಸಹಿ)