ಮಾತ್ರೆ ಹಂಚಲು ಒಂದು ಜಾತ್ರೆ

ಒಂದು ಪೇಟೆಯಲ್ಲಿ ಒಬ್ಬ ಬಟ್ಟೆ ಅಂಗಡಿ ಸಾಹುಕಾರ. ಯಾವ ಪೇಟೆ ಅಂತ ಕೇಳಬೇಡಿ, ಕೇಳಿದರೆ ನಿಮ್ಮದೇ ಆಗಿಬಿಟ್ಟೀತು. ಅವನು ಕೆಟ್ಟವನಲ್ಲ. ನೋಡಿ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವನಾಗಿದ್ದರೆ ಕಥೆ ಯಾಕೆ ಬೇಕಿತ್ತು, ಪೊಲೀಸರೇ ಸಾಕಾಗುತ್ತಿದ್ದರು! ಅವನು ಕೊಡುವವನು. ಆದರೆ ಅವನ ದಾನಕ್ಕಿಂತ ದನಿ ಯಾವಾಗಲೂ ಒಂದು ಗೇಣು ಮುಂದೆ. ಬಸ್ ನಿಲ್ದಾಣಕ್ಕೆ ಒಂದು ಕಲ್ಲುಬೆಂಚು ಕೊಟ್ಟ. ಕೂತವರ ಬೆನ್ನಿಗೆ ಅಚ್ಚೊತ್ತುವಷ್ಟು ಆಳವಾಗಿ ತನ್ನ ಹೆಸರು ಕೆತ್ತಿಸಿದ.

ಅದೇ ಪೇಟೆಯಲ್ಲಿ ನೀಲಗಂಗವ್ವ ಎಂಬ ಹೆಣ್ಣುಮಗಳು. ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುವುದು ಅವಳ ಕಸುಬು. ಗಂಡನಿಲ್ಲ, ಹೊಲವಿಲ್ಲ, ಎರಡು ಕೈ ಮತ್ತು ಒಂದು ಹೆಂಚು. ಆ ಹೆಣ್ಣುಮಗಳಿಗೆ ಕ್ಷಯ ಬಂತು. ನೀವು ಬಾಯಿಗೆ ಕೈ ಅಡ್ಡ ಹಿಡಿದು 'ಅಕಿಗೆ ಅದು ಐತಂತ, ಅದು...' ಅನ್ನುತ್ತೀರಲ್ಲ, ಅದು. ಟಿಬಿ.

ಓಣಿಯ ಆಶಾ ಕಾರ್ಯಕರ್ತೆ ಮಹಾನಂದಾ ಸರ್ಕಾರಿ ಆಸ್ಪತ್ರೆಯಿಂದ ಮಾತ್ರೆಗಳನ್ನು ತರುತ್ತಿದ್ದಳು, ಒಂದು ಪೈಸೆ ಖರ್ಚಿಲ್ಲದೆ. ಹೇಗೆ ತರುತ್ತಿದ್ದಳು? ಸಂತೆ ಚೀಲದಲ್ಲಿ ಮೆಂತ್ಯೆ ಸೊಪ್ಪಿನ ಕೆಳಗೆ. ಓಣಿಯವರು ಕಂಡದ್ದು ಸೊಪ್ಪು, ನೀಲಗಂಗವ್ವ ನುಂಗಿದ್ದು ಮದ್ದು. ಎರಡು ತಿಂಗಳಿಗೆ ಕಫ ಪರೀಕ್ಷೆ ಮಾಡಿದ ಡಾಕ್ಟರು, "ಇನ್ನು ನಿನ್ನಿಂದ ಯಾರಿಗೂ ಹರಡುವುದಿಲ್ಲ. ಆದರೆ ಇನ್ನೂ ನಾಲ್ಕು ತಿಂಗಳು ಒಂದು ದಿನವೂ ಮಾತ್ರೆ ತಪ್ಪಿಸಬೇಡ" ಎಂದರು.

ಅಷ್ಟರಲ್ಲಿ ಆಸ್ಪತ್ರೆಗೆ ಮಾತ್ರೆ ಬರುವುದೇ ನಿಂತಿತು. ಮೇಲಿನಿಂದ ಬಂದಿಲ್ಲ, ನಾಳೆ ಬನ್ನಿ, ನಾಡಿದ್ದು ಬನ್ನಿ. ಮಹಾನಂದಾ ನೇರ ಸಾಹುಕಾರನ ಅಂಗಡಿಗೆ ನಡೆದಳು. ಕೇಳಿದವನ ಕಣ್ಣಲ್ಲಿ ನೀರು ಬಂತು, ನಿಜವಾದ ನೀರು. "ಒಬ್ಬಾಕಿಗೆ ಯಾಕವಾ? ಊರಾಗ ಎಷ್ಟ ಮಂದಿ ಅದಾರ? ಇಪ್ಪತ್ಮೂರಾ? ಎಲ್ಲಾರಿಗೂ ನಾ ತರಸ್ತೀನಿ!" ಎಂದ. ಡಾಕ್ಟರ ಚೀಟಿ ಹಿಡಿದು ಮರುದಿನವೇ ತರಿಸಿಯೂ ಬಿಟ್ಟ. ಮಾತ್ರೆಯ ಡಬ್ಬಿಗಳು ಇಳಕಲ್ ಸೀರೆಗಳ ಪಕ್ಕದಲ್ಲಿ ಸಾಲಾಗಿ ಕೂತವು.

"ಕೊಡ್ರಿ ಸಾಹುಕಾರ್ರ, ಈಗ ಮನಿಮನಿಗೆ ಮುಟ್ಟಸ್ತೀನಿ."

"ತಡಿಯವಾ ತಂಗಿ. ಐತಾರ ಪ್ರೋಗ್ರಾಮ್ ಇಟ್ಟೀನಿ. ಸ್ಟೇಜ್ ಮ್ಯಾಲ ಕರದು ಕೊಡೂಣು."

"ಐತಾರಕ್ಕ ಇನ್ನ ನಾಕ ದಿನ ಐತ್ರೀ! ನೀಲಗಂಗವ್ವಂದು ನಿನ್ನೇನ ಮುಗದಾವ."

"ಎರಡ ತಿಂಗಳ ನುಂಗ್ಯಾಳಲ್ಲ? ನಾಕ ದಿನದಾಗ ಏನಾಕ್ಕೈತಿ?"

ಏನಾಗುತ್ತದೆಯೇ? ಎದೆಯೊಳಗಿನ ಕ್ರಿಮಿ ಕೈಕಟ್ಟಿ ನಿಂತು, 'ಸಾಹುಕಾರರ ಸತ್ಕಾರ ಮುಗಿಯಲಿ, ಆಮ್ಯಾಲ ಬೆಳೀತೀನ್ರೀ' ಎನ್ನುತ್ತದೆಯೇ? ಮಾತ್ರೆ ಕೊಡಲು ಇವನಿಗೆ ಜಾತ್ರೆ ಬೇಕಾಯಿತು. ರೋಗಕ್ಕೆ ಮುಹೂರ್ತ ಬೇಕಿರಲಿಲ್ಲ.

ಐತಾರ ಬಂತು. ಪೆಂಡಾಲಿನ ಕೊನೆಯ ಕಂಬಕ್ಕೆ ಆತು, ಸೆರಗನ್ನು ಮೂಗಿನ ತನಕ ಎಳೆದುಕೊಂಡು ನೀಲಗಂಗವ್ವ ನಿಂತಿದ್ದಳು. ಮುಂದಿನ ಸಾಲಿನಲ್ಲಿ ಯಾರು ಕೂತಿದ್ದಾರೆ? ಅವಳ ರೊಟ್ಟಿ ಕೊಳ್ಳುವ ಖಾನಾವಳಿಯವನು. ಮೈಕಿನವನಿಗೆ ಅದರ ಚಿಂತೆಯೇ? "ಹಲೋ... ಹಲೋ... ಫಲಾನುಭವಿ ನಂಬರ್ ಏಳೂ! ಕ್ಷಯರೋಗೀ! ಶ್ರೀಮತಿ ನೀಲಗಂಗವ್ವಾ! ಎಲ್ಲಿದ್ದರೂ ವೇದಿಕೆಗೆ ಬರಬೇಕೂ!"

ಹೋದರೆ ಹೆಂಚು ಆರುತ್ತದೆ, ಹೋಗದಿದ್ದರೆ ಉಸಿರು. ಎರಡೂ ಅವಳವೇ. ಯಾವುದನ್ನು ಬಿಡಬೇಕು, ನೀವೇ ಹೇಳಿ! 'ಒಂದು ದಿನವೂ' ಎಂದಿದ್ದರು ಡಾಕ್ಟರು. ಆಗಲೇ ಐದು ದಿನವಾಗಿತ್ತು. ನಡೆದಳು. ಸಾಹುಕಾರ ಡಬ್ಬಿಯನ್ನು ಎತ್ತಿ ಹಿಡಿದು ಮೆಲ್ಲಗೆ, ಪ್ರೀತಿಯಿಂದಲೇ ಹೇಳಿದ: "ಯವ್ವಾ, ಸೆರಗ ಚೂರ ಸರಸು. ಫೋಟೋದಾಗ ಮುಖ ಬರವಲ್ದು."

ಸರಿಸಿದಳು. ಚಪ್ಪಾಳೆ ಬಿತ್ತು. ಆ ವೇದಿಕೆಯಲ್ಲಿ ಒಬ್ಬ ಸ್ವಾಮಿಯೂ ಕೂತಿದ್ದ, ಅವನೂ ತಟ್ಟಿದ.

ಸೋಮವಾರ ಬೆಳಿಗ್ಗೆ ರೊಟ್ಟಿ ಬುಟ್ಟಿ ಹೊತ್ತು ಹೋದವಳಿಗೆ ಖಾನಾವಳಿಯವನು ಮುಖ ಕೊಡಲಿಲ್ಲ. "ಯಕ್ಕಾ, ನನಗೇನಿಲ್ಲ. ಗಿರಾಕಿ ಒಪ್ಪಂಗಿಲ್ಲ."

"ಯಾರಿಗೂ ಹತ್ತಂಗಿಲ್ಲಂತ ಡಾಕ್ಟರ್ ಹೇಳ್ಯಾರಪಾ."

"ಡಾಕ್ಟರ್ ನನ್ನ ಖಾನಾವಳ್ಯಾಗ ಉಣ್ಣಂಗಿಲ್ಲಲ್ಲ, ಯಕ್ಕಾ."

ಟಿಬಿ ರೊಟ್ಟಿಯಿಂದ ಬರುವುದಿಲ್ಲ, ತಿಳಿದವರೇ! ಅದು ಹರಡುವುದು ಗಾಳಿಯಿಂದ, ಅದೂ ಮದ್ದು ಸಿಗದವರ ಕೆಮ್ಮಿನಿಂದ. ನಮ್ಮ ಮೂರ್ಖತನ ಮಾತ್ರ ಬಾಯಿಂದ ಬಾಯಿಗೆ ಹರಡುತ್ತದೆ, ಅದಕ್ಕೆ ಮಾತ್ರೆಯೂ ಇಲ್ಲ. ಯಾರೂ ಕೊಳ್ಳದ ತನ್ನದೇ ರೊಟ್ಟಿಯನ್ನು ನೀರಲ್ಲಿ ನೆನೆಸಿ ತಿಂದು ಆಕೆ ದಿನವೂ ಮಾತ್ರೆ ನುಂಗಿದಳು.

ಮುಂದಿನ ತಿಂಗಳೂ ಆಸ್ಪತ್ರೆಗೆ ಮಾತ್ರೆ ಬರಲಿಲ್ಲ. ಸಾಹುಕಾರ ಮತ್ತೆ ಪೆಂಡಾಲು ಹಾಕಿಸಿದ. ಮೈಕು ಇಪ್ಪತ್ಮೂರು ಹೆಸರು ಕೂಗಿತು. ಬಂದವರು ನಾಲ್ಕೇ ಜನ. ನೀಲಗಂಗವ್ವ ಎಲ್ಲರಿಗಿಂತ ಮೊದಲೇ ಬಂದಿದ್ದಳು. ಮುಚ್ಚಿಡಲು ಅವಳಿಗೆ ಏನು ಉಳಿದಿತ್ತು?

ಸಾಹುಕಾರ ಮೈಕಿನಲ್ಲೇ ಸಿಡಿದ: "ಪುಕ್ಕಟೆ ಕೊಟ್ರೂ ಬರಂಗಿಲ್ಲಂದ್ರ! ಈ ಮಂದಿಗೆ ಗುಳಿಗಿ ಬೆಲಿ ಗೊತ್ತಿಲ್ಲ!"

ನೀಲಗಂಗವ್ವ ಡಬ್ಬಿಗೆ ಕೈ ಚಾಚುತ್ತ ಹೇಳಿದಳು, "ಬೆಲಿ ಗೊತ್ತಾಗೇ ಬಂದಿಲ್ರೀ ಯಪ್ಪಾ. ನಾ ಏನ ಕೊಟ್ಟೀನಂತ ಎಲ್ಲಾರೂ ನೋಡ್ಯಾರ."

ಹತ್ತೊಂಬತ್ತು ಡಬ್ಬಿ ಮೇಜಿನ ಮೇಲೆ, ಹತ್ತೊಂಬತ್ತು ಜನ ಮನೆಯಲ್ಲಿ. ಅವರ ಎದೆಯಲ್ಲಿ ರೋಗ ದಿನದಿನಕ್ಕೆ ಮದ್ದಿಗೂ ಬಗ್ಗದಷ್ಟು ಮೊಂಡಾಗುತ್ತಿದೆ. ಇದನ್ನು ದಾನ ಎನ್ನುತ್ತೀರಾ? ಕೈಯಿಂದ ಕೊಟ್ಟು ಮಾನ ಕಿತ್ತುಕೊಂಡರೆ ಅದು ದಾನವಲ್ಲ, ವ್ಯಾಪಾರ. ಅದರಲ್ಲೂ ಲಾಭವೆಲ್ಲ ಒಬ್ಬನಿಗೆ!

ನೀವೇಕೆ ಆ ಸಾಹುಕಾರನ ಮೇಲೆ ಹಲ್ಲು ಕಡಿಯುತ್ತೀರಿ? ಚಪ್ಪಾಳೆ ತಟ್ಟಿದವರು ಯಾರು? ಮರುದಿನ ರೊಟ್ಟಿ ಬೇಡವೆಂದವರು ಯಾರು? ಕೊಡುವ ಮನಸ್ಸಿದ್ದರೆ ನಾಳೆಯೇ ನಿಮ್ಮ ಓಣಿಯ ಆಶಾ ಅಕ್ಕನ ಬಳಿ ಹೋಗಿ. ಏನು ಕಡಿಮೆ ಬಿದ್ದಿದೆ ಎಂದು ಕೇಳಿ, ಯಾರಿಗೆ ಎಂದು ಕೇಳಬೇಡಿ. ಕೊಟ್ಟು, ಹಿಂತಿರುಗಿ ನೋಡದೆ ಬನ್ನಿ. ಆಸ್ಪತ್ರೆಗೆ ಮಾತ್ರೆ ಬಂದಿಲ್ಲವೇ? ಹತ್ತು ಜನ ಕೂಡಿ ಹೋಗಿ, ಯಾಕೆ ಬಂದಿಲ್ಲ ಎಂದು ಅಧಿಕಾರಿಯನ್ನು ಕೇಳಿ. ನಿಮ್ಮ ದೊಡ್ಡ ಗಂಟಲು ಅಲ್ಲಿ ಬೇಕು. ಮದ್ದು ನುಂಗುತ್ತಿರುವ ಹೆಣ್ಣುಮಗಳ ಕೈಯ ರೊಟ್ಟಿ ಕೊಳ್ಳಿ, ಮನೆಯವರೆಲ್ಲ ಕೂತು ಉಣ್ಣಿ.

ಇವತ್ತಿನ ಪ್ರಸಾದಕ್ಕೆ ಕೊಟ್ಟವರ ಪಟ್ಟಿಯನ್ನು, ಪ್ರವಚನದ ಕೊನೆಗೆ ಓದಲೆಂದು, ಈ ಸ್ವಾಮಿಯ ಕೈಗಿಟ್ಟಿದ್ದೀರಿ. ಓದುವುದಿಲ್ಲ. ಸಿಟ್ಟು ಬಂದವರು ಬೈದುಕೊಳ್ಳಿ. ಅನ್ನ ಬೆಂದಿದೆ, ಏಳಿ, ಉಣ್ಣೋಣ.