ಆಲ್ಟರ್ ಮಾಡಿಸಿದ ಪ್ಯಾಂಟು

ಜೀವನ್ ಬಿಮಾ ನಗರದ ಹಾರ್ಟ್ ಕ್ಲಿನಿಕ್ಕಿನಲ್ಲಿ ಅಮ್ಮನ ಸರದಿಗೆ ಕಾಯುತ್ತಿದ್ದ ಗಗನಾ, ಯಾರ ಮಾತೂ ಕಿವಿಗೆ ಬೀಳದಿರಲೆಂದು ಮೊಬೈಲಿನಲ್ಲಿ ಮುಳುಗಿದ್ದಳು. ಅಷ್ಟರಲ್ಲಿ ಡಾಕ್ಟರ ಕೋಣೆಯಿಂದ ಹೊರಬಂದ ವಯಸ್ಸಾದ ಗಂಡ ಹೆಂಡತಿ ಅವಳ ಪಕ್ಕದಲ್ಲೇ ಕೂತರು. ಹೆಂಡತಿ ಕೈಯಲ್ಲಿದ್ದ ರಿಪೋರ್ಟು ಬಿಡಿಸಿದರು.

“ಕೊಲೆಸ್ಟ್ರಾಲ್ ಇಷ್ಟು ಇಳಿದಿದೆ ಅಂದ್ರೆ ಒಳ್ಳೇದಲ್ವೇನ್ರೀ?”

“ಹಾರ್ಟ್ ವೀಕ್ ಆಗಿರೋರಿಗೆ ಅದು ತಾನಾಗೇ ಇಳೀತಾ ಬಂದ್ರೆ, ಮೈ ಕರಗ್ತಿದೆಯಾ ಅಂತ ನೋಡ್ಬೇಕಂತೆ. ಹೇಳಿದ್ರಲ್ಲ.”

“ನೀವೆಲ್ಲಿ ಕರಗಿದೀರ? ಪ್ಯಾಂಟು ಸರಿಯಾಗೇ ಕೂತಿದೆಯಲ್ಲ!”

ಗಂಡ ಪ್ಯಾಂಟಿನ ಸೊಂಟದ ಹೊಲಿಗೆ ಮುಟ್ಟಿಕೊಂಡರು.

“ಹಲಸೂರಲ್ಲಿ ಟೈಲರ್ ಹತ್ರ ಆಲ್ಟರ್ ಮಾಡಿಸ್ದೆ ಕಣೇ. ಎಲ್ಲಾ ಪ್ಯಾಂಟೂ. ಎರಡೆರಡು ಸಲ.”

“ನನಗೆ ಹೇಳ್ದೇನೇ?”

“ಎಣ್ಣೆ ಬಿಡಿಸಿದ್ದಕ್ಕೇ ಕೊಲೆಸ್ಟ್ರಾಲ್ ಇಳೀತು ಅಂತ ನೀನು ಅಕ್ಕಪಕ್ಕದವರಿಗೆಲ್ಲ ಹೇಳ್ಕೊಂಡು ಬಂದೆ. ಅಷ್ಟು ಖುಷಿಯಾಗಿದ್ದೆ. ಹೇಗೆ ಹೇಳ್ಲಿ?”

“ಹಾಗಾದ್ರೆ ನಾನೇ ನಿಮ್ಮನ್ನ ಉಪವಾಸ ಕೆಡವಿದ್ನಾ?”

“ಇಲ್ಲ ಕಣೇ. ನೀನು ಬಡಿಸಿದ್ದೇ ಸೇರ್ತಿರ್ಲಿಲ್ಲ. ನೀನು ಒಳಗೆ ಹೋದಾಗ ಕಾಗೆಗೆ ಹಾಕ್ತಿದ್ದೆ.”

ಗಗನಾ ಮೊಬೈಲಿನಿಂದ ತಲೆ ಎತ್ತಲಿಲ್ಲ.

ನರ್ಸ್ ಬಾಗಿಲಲ್ಲಿ ನಿಂತು ಕರೆದಳು. “ಶ್ರೀನಿವಾಸಮೂರ್ತಿ ಸರ್, ಇನ್ನೊಂದ್ಸಲ ತೂಕ ನೋಡ್ಬೇಕು, ಬನ್ನಿ.”

ಅವರು ಎದ್ದರು. ಹೆಂಡತಿಯೂ ಎದ್ದು ಅಡ್ಡ ನಿಂತು ಕೈ ಚಾಚಿದರು.

“ಮೊದಲು ಜೇಬಲ್ಲಿರೋದನ್ನೆಲ್ಲ ಇಲ್ಲಿ ಕೊಡಿ.”

ಪರ್ಸು ಬಂತು, ಮೊಬೈಲು ಬಂತು. ಆಕೆ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ, ಮನೆಯ ಗೇಟಿನ ದಪ್ಪ ಹಿತ್ತಾಳೆ ಬೀಗವೂ ಬಂತು.