ಔಷಧಿ ಹೊಡೆಯದ ಗೋಧಿಗೆ ಸಮಾಧಾನ

ಹಲ್ಲಿನ ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಕೂತಿದ್ದರು: ಗೋಧಿ ಬೆಳೆಯ ಮೇಲೆ ಸಂಶೋಧನೆ ಮಾಡುವ ಹುಡುಗಿ, ಮತ್ತು ಅವಳ ಸೋದರಮಾವ. ಮಾವನ ಕೆನ್ನೆ ಊದಿತ್ತು, ಆದರೂ ಬಾಯಿಗೆ ಬಿಡುವಿರಲಿಲ್ಲ.

“ಮಾವ, ನಿಜ ಹೇಳಿ. ದ್ಯುತಿಸಂಶ್ಲೇಷಣೆ ಅಳೆಯೋಕೆ ನಾನು ಎಲೆಗೆ ಯಂತ್ರ ಸಿಕ್ಕಿಸಿ ಆಚೆ ಹೋದಾಗ, ಪಕ್ಕದಲ್ಲಿ ಕೂತು ಮಾತಾಡ್ತಿದ್ರಾ?”

“ಫೋನಲ್ಲಿ ಅಲ್ಲಮ್ಮ, ಪೈರಿನ ಜೊತೆ.”

“ಯಾವ ಪೈರು?”

“ಔಷಧಿ ಹೊಡೀದೇ ಬಿಟ್ಟಿದ್ಯಲ್ಲ, ಆ ಸಾಲು. ಪಕ್ಕದವಕ್ಕೆಲ್ಲ ರೋಗದ ಔಷಧಿ, ಇವಕ್ಕೆ ಬರೀ ನೀರು. ಪಾಪ, ಬೇಜಾರಾಗಲ್ವಾ? ಸಮಾಧಾನ ಮಾಡ್ತಿದ್ದೆ.”

“ಅಯ್ಯೋ ದೇವ್ರೇ! ನಾವು ಬಿಡೋ ಉಸಿರಿಂದಾನೇ ಎಲೆ ಬಿಸಿಲಲ್ಲಿ ಊಟ ಮಾಡ್ಕೊಳ್ಳೋದು. ಎಷ್ಟು ಎಳ್ಕೊಳ್ತು ಅಂತ ಯಂತ್ರ ಅಳೆಯುತ್ತೆ. ನೀವು ಅದರ ಮೂತಿಗೇ ಊದಿದ್ದೀರಿ!”

“ಹಾಗಾದ್ರೆ ಹೊಟ್ಟೆತುಂಬ ಉಂಡಿರ್ಬೇಕು.”

“ಉಂಡವು! ಔಷಧಿ ಹೊಡೆದದ್ದಕ್ಕಿಂತ ಹೊಡೆಯದ್ದೇ ಚುರುಕು ಅಂತ ಬಂತು. ನಮ್ಮ ಗೈಡ್ ಮೇಡಂ ಔಷಧಿನೇ ದಂಡ ಅಂತ ಬರೆಯೋಕೆ ಕೂತಿದ್ರು.”

“ನನ್ನ ಹೆಸರೂ ಹಾಕ್ತಾರಾ?”

“ಮಾವ! ಎಲ್ಲಾ ಮೊದಲಿಂದ ಅಳೀಬೇಕು ಈಗ.”

“ಅದಕ್ಕೇನಂತೆ, ನಾನೂ ಬರ್ತೀನಿ. ಬಾಯಿಗೆ ಬೀಗ ಹಾಕ್ಕೊಂಡು ಕೂರ್ತೀನಿ.”

“ನೀವು? ಬೀಗ?”

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು ಕರೆದರು. ಮಾವ ಎದ್ದರು, ಆದರೆ ಕಾಲು ಮುಂದಕ್ಕೆ ಹೋಗಲಿಲ್ಲ.

“ಹಲ್ಲು ಕಿತ್ತರೆ ನಾಳೆಯೆಲ್ಲ ಮಾತಾಡಬಾರದಂತೆ ಕಣೇ. ನೋವಲ್ಲ, ನಂಗೆ ಅದೇ ಭಯ.”

“ಗೊತ್ತು ಮಾವ,” ಎಂದು ಅವಳು ಅವರ ಬೆನ್ನ ಮೇಲೆ ಕೈಯಿಟ್ಟು ಒಳಕ್ಕೆ ನೂಕಿದಳು. “ಅದಕ್ಕೇ ಅಳತೆ ನಾಳೆಗೇ ಇಟ್ಕೊಂಡಿದ್ದೀನಿ.”